ಬಂಡೆ ಎಂದು ಬರೆದ ಜಾಗ

ಹವಾಮಾನ ಕೇಂದ್ರ, ಯಾನ್ ಮಾಯೆನ್ ದ್ವೀಪ
6 ಏಪ್ರಿಲ್ 1970

ಮಾನ್ಯ ಶ್ರೀಮತಿ ಹೋವ್ಡೆನೆಸ್ ಅವರಿಗೆ,

ವಂದನೆಗಳು. ನನ್ನ ಪರಿಚಯ ನಿಮಗಿಲ್ಲ. ನಾನು ಐಲರ್ಟ್ ತಾಂಗ್‌ಸ್ತಾದ್, ಇಲ್ಲಿ ಹವಾಮಾನ ವೀಕ್ಷಕ. ಗಾಳಿ, ಮೋಡ, ಒತ್ತಡ ನೋಡಿ ಬರೆದು ರೇಡಿಯೋದವನ ಕೈಗೆ ಕೊಡುವುದು ನನ್ನ ಕೆಲಸ. ಪ್ರೊಫೆಸರ್ ಕಳೆದ ಶರತ್ಕಾಲದಲ್ಲಿ ತೀರಿಕೊಂಡರೆಂದು ತಡವಾಗಿ ತಿಳಿಯಿತು. ತುಂಬ ಬೇಸರವಾಯಿತು. ಅವರು 1937ರಲ್ಲಿ ಅಳೆದು, ನೀವು ಕೈಯಾರೆ ಬರೆದ ಬೇರೆನ್‌ಬೆರ್ಗ್ ಬೆಟ್ಟದ ನಕ್ಷೆ ನಮ್ಮ ಊಟದ ಕೋಣೆಯ ಗೋಡೆಯ ಮೇಲಿದೆ. ಬೆಟ್ಟ ವರ್ಷದಲ್ಲಿ ಮುನ್ನೂರು ದಿನ ಮಂಜಿನಲ್ಲಿ ಮುಚ್ಚಿಕೊಂಡಿರುತ್ತದೆ. ಹಾಗಾಗಿ ನಮಗೆ ಬೆಟ್ಟವೆಂದರೆ ನಿಮ್ಮ ನಕ್ಷೆಯೇ.

ಒಂದು ಸಣ್ಣ ಸಂಗತಿ ತಿಳಿಸೋಣವೆಂದು ಬರೆಯುತ್ತಿದ್ದೇನೆ. ಮಾರ್ಚ್ ಕೊನೆಯಲ್ಲಿ ನಾನೂ ನಮ್ಮ ಡೀಸೆಲ್ ಮೆಕ್ಯಾನಿಕ್ ಹಾಲ್ವರ್ ಕ್ರಾನೆಯೂ ಸ್ಕೀ ಕಟ್ಟಿಕೊಂಡು ಈಶಾನ್ಯದ ಇಳಿಜಾರಿಗೆ ಹೋಗಿದ್ದೆವು. ಪ್ರೊಫೆಸರರ ಹೆಸರಿನಲ್ಲೇ ಇರುವ ‘ಹೋವ್ಡೆನೆಸ್ ಭುಜ’ ಎಂಬ ಬೆಟ್ಟದ ಏಣಿನ ಹತ್ತಿರ. ನಕ್ಷೆಯಲ್ಲಿ ಅಲ್ಲಿ ಗಟ್ಟಿ ಬಂಡೆ ಎಂದಿದೆ. ಆದರೆ ನಮಗೆ ಕಂಡದ್ದು ತೆಳುವಾದ ಹಿಮದ ಪದರ, ಅದರಡಿಯಲ್ಲಿ ಟೊಳ್ಳು, ಮತ್ತು ಒಂದು ಕಡೆ ಚಾಪೆಯಷ್ಟು ಅಗಲದ ಬರಿಯ ಕಪ್ಪು ನೆಲ. ಅಲ್ಲಿ ಹಸಿರು ಪಾಚಿ ಇತ್ತು, ಮಾರ್ಚ್ ತಿಂಗಳಲ್ಲಿ! ಗೇಣುದ್ದ ಕೆಳಗೆ ಥರ್ಮಾಮೀಟರ್ ಇಳಿಸಿದರೆ ಇಪ್ಪತ್ತನಾಲ್ಕು ಡಿಗ್ರಿ ತೋರಿಸಿತು.

ಪ್ರೊಫೆಸರರ ಟಿಪ್ಪಣಿ ಪುಸ್ತಕಗಳು ನಿಮ್ಮ ಬಳಿ ಇದ್ದರೆ, ಅವುಗಳಲ್ಲಿ ಈ ಜಾಗದ ಬಗ್ಗೆ ಏನಾದರೂ ಇದೆಯೇ ನೋಡಿ ತಿಳಿಸುವಿರಾ? ಹಾಲ್ವರ್ ಈಗ ಇಲ್ಲಿಲ್ಲ. ಹಲ್ಲುನೋವೆಂದು ಊರಿಗೆ ಹೋದ.

ಇಂತಿ ನಿಮ್ಮ ವಿಶ್ವಾಸಿ,
ಐಲರ್ಟ್ ತಾಂಗ್‌ಸ್ತಾದ್

*

ಟ್ರೋನ್‌ಹೈಮ್
27 ಏಪ್ರಿಲ್ 1970

ಐಲರ್ಟ್ ಮಹಾಶಯರಿಗೆ,

ನಿಮ್ಮ ಪತ್ರ ಬಂತು. ನನ್ನ ಗಂಡ ಸತ್ತು ಆರು ತಿಂಗಳಾಗಿದೆ. ಅವರು ಬದುಕಿದ್ದಾಗ ಈ ದೇಶದಲ್ಲಿ ಯಾರೂ ಅವರ ಅಂಕಿಗಳನ್ನು ಪ್ರಶ್ನಿಸಲಿಲ್ಲ. ಈಗ ಮೋಡ ಎಣಿಸುವವರಿಗೂ ಧೈರ್ಯ ಬಂದಿದೆ, ಸಂತೋಷ.

ತೂರ್ವಾಲ್ ಹೋವ್ಡೆನೆಸ್ ಐದು ವಾರ ಆ ಬೆಟ್ಟವನ್ನು ಸುತ್ತಿದರು. ನೀವು ಒಂದು ಮಧ್ಯಾಹ್ನ ಸ್ಕೀ ಮೇಲೆ ಹೋಗಿ ಬಂದಿರಿ. ಅವರು ಒಂಬತ್ತು ಕಡೆ ನಿಂತು ಎತ್ತರ ಅಳೆದು ಕೊಟ್ಟದ್ದರ ಮೇಲೆ ಆ ಭುಜದ ಗೆರೆ ಎಳೆದವಳು ನಾನು. ಆ ಗೆರೆಯಲ್ಲಿ ಒಂದು ಕೂದಲಷ್ಟೂ ತಪ್ಪಿಲ್ಲ. ಕಪ್ಪು ನೆಲ ಬಿಸಿಲಿಗೆ ಕಾಯುತ್ತದೆಂದು ಶಾಲೆ ಮಕ್ಕಳಿಗೂ ಗೊತ್ತು. ಆ ಬೆಟ್ಟ ಬೆಂಕಿ ಆರಿ ಸತ್ತ ಜ್ವಾಲಾಮುಖಿ ಎಂದು ಅವರು ಬರೆದದ್ದನ್ನು ಮೂವತ್ತು ವರ್ಷ ಪಾಠ ಮಾಡಿದ್ದಾರೆ. ನಿಮ್ಮ ಚಾಪೆಯಷ್ಟು ಪಾಚಿಗೆ ಅದು ಎದ್ದು ಕೂರುವುದಿಲ್ಲ.

ಮಾರ್ಚ್ ತಿಂಗಳ ಚಳಿಯಲ್ಲಿ ಬೆಟ್ಟ ಹತ್ತಿದರೆ ಹಲ್ಲು ನೋಯದೆ ಇನ್ನೇನಾಗುತ್ತದೆ? ನಿಮ್ಮ ಗೆಳೆಯರಿಗೆ ಲವಂಗ ಕಚ್ಚಿಕೊಳ್ಳಲು ಹೇಳಿ.

ಆಸ್ಲೌಗ್ ಹೋವ್ಡೆನೆಸ್

*

ಯಾನ್ ಮಾಯೆನ್
24 ಮೇ 1970

ಮಾನ್ಯ ಶ್ರೀಮತಿ ಹೋವ್ಡೆನೆಸ್ ಅವರಿಗೆ,

ನಿಮ್ಮನ್ನು ನೋಯಿಸಿದ್ದಕ್ಕೆ ಕ್ಷಮಿಸಿ. ಪ್ರೊಫೆಸರರ ಮೇಲೆ ನನಗೆ ಗೌರವವಿದೆ. ಪತ್ರವನ್ನು ಊಟದ ಕೋಣೆಯಲ್ಲಿ ಓದಿದಾಗ ನಮ್ಮ ಅಡುಗೆಯ ಪೆಡರ್, “ಈ ಅಮ್ಮನ್ನ ಇಲ್ಲಿಗೆ ಕರೆಸ್ರಪ್ಪಾ, ಬೆಟ್ಟ ಎದ್ರೂ ಬೈದು ಮಲಗಿಸ್ತಾರೆ” ಎಂದ. ಎಲ್ಲರೂ ನಕ್ಕರು. ತಪ್ಪು ತಿಳಿಯಬೇಡಿ.

ಆದರೂ ನೋಡಿದ್ದನ್ನು ಬರೆಯದಿದ್ದರೆ ಕೆಲಸಕ್ಕೆ ದ್ರೋಹವಾಗುತ್ತದೆ. ಹೋದ ವಾರ ಮೂರು ದಿನ ಆಕಾಶ ತಿಳಿಯಾಗಿತ್ತು. ಬೆಟ್ಟದ ನೆತ್ತಿಯ ಬಾಯಿ, ಅದರ ತುಂಬ ಹಿಮ, ಒಡೆದ ಅಂಚಿನಿಂದ ಸಮುದ್ರದವರೆಗೆ ಹರಿದ ನೀರ್ಗಲ್ಲಿನ ನದಿ ಎಲ್ಲವೂ ಕಂಡವು. ಅಷ್ಟು ಬಿಳುಪಿನ ಈಶಾನ್ಯ ಮಗ್ಗುಲಲ್ಲಿ ಒಂದು ಕಪ್ಪು ಪಟ್ಟಿ. ದೋಣಿಯಲ್ಲಿ ಹೋಗಿ ಮತ್ತೆ ಅಳೆದೆ, ಬಿಸಿಲು ಬೀಳದ ಬೆಳಗಿನ ಹೊತ್ತಿನಲ್ಲೇ. ಮೂವತ್ತೊಂದು ಡಿಗ್ರಿ. ಮಾರ್ಚ್‌ಗಿಂತ ಏಳು ಹೆಚ್ಚು. 1732ರಲ್ಲಿ ತಿಮಿಂಗಿಲ ಬೇಟೆಯ ಹಡಗಿನವರು ಇಲ್ಲಿ ಬೆಂಕಿ ಕಂಡೆವೆಂದು ಬರೆದಿದ್ದಾರಂತೆ. 1818ರಲ್ಲಿ ಇನ್ನೊಬ್ಬರು ಹೊಗೆ ನೋಡಿದ್ದಾರೆ. ಇದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಟಿಪ್ಪಣಿ ಪುಸ್ತಕ ಒಮ್ಮೆ ತೆರೆದು ನೋಡಿ. ನಾನು ತಪ್ಪೆಂದು ತೋರಿಸಿಕೊಟ್ಟರೆ ನನಗಿಂತ ಸಂತೋಷಪಡುವವನು ಬೇರೆ ಯಾರೂ ಇಲ್ಲ. ಇದನ್ನು ಶಿಷ್ಟಾಚಾರಕ್ಕೆ ಹೇಳುತ್ತಿಲ್ಲ.

ಐಲರ್ಟ್

*

ಯಾನ್ ಮಾಯೆನ್
15 ಜುಲೈ 1970

ಮಾನ್ಯ ಅಮ್ಮನವರಿಗೆ,

ಎರಡು ವಿಮಾನ ಬಂದು ಹೋದವು, ಎರಡರಲ್ಲೂ ನಿಮ್ಮ ಪತ್ರವಿಲ್ಲ. ಆರೋಗ್ಯ ಚೆನ್ನಾಗಿದೆ ತಾನೆ? ಒಬ್ಬರೇ ಇದ್ದೀರಿ, ಈಗಷ್ಟೇ ದುಃಖ ಕಂಡಿದ್ದೀರಿ. ನಾನು ಮೇಲಿಂದ ಮೇಲೆ ಅಂಕಿ ಕಳಿಸಿ ಕಾಡಿದೆ. ನನ್ನ ತಾಯಿ ಸೇನ್ಯಾದಲ್ಲಿದ್ದಾಳೆ, ಅವಳಿಗೆ ಯಾರಾದರೂ ಹೀಗೆ ಬರೆದಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ.

ಆ ವಿಷಯ ಬಿಟ್ಟುಬಿಡೋಣ. ನನ್ನ ಥರ್ಮಾಮೀಟರ್ ಹಳೆಯದು. ನಾನೇ ತಪ್ಪಿರಬಹುದು.

ದಡದ ಬಂಡೆಗಳಲ್ಲಿ ಹಕ್ಕಿ ಮರಿಗಳು ರೆಕ್ಕೆ ಬಡಿಯುತ್ತಿವೆ. ಸೈಬೀರಿಯಾದಿಂದ ತೇಲಿಬಂದ ಒಂದು ದಿಮ್ಮಿಯಿಂದ ಪೆಡರ್ ಬೆಂಚು ಮಾಡಿದ್ದಾನೆ. ಒಂದು ಸಾಲು ಬರೆದರೆ ಸಾಕು, ಚೆನ್ನಾಗಿದ್ದೀರಿ ಎಂದು.

ಐಲರ್ಟ್

*

(ಹಾಳೆಯ ಮೇಲಂಚಿನಲ್ಲಿ ಸೀಸದಕಡ್ಡಿಯಿಂದ: ಇದನ್ನು ಬರೆದ ದಿನ ಅಂಚೆಗೆ ಹಾಕಲಿಲ್ಲ. ಈಗ ಕಳಿಸುತ್ತಿದ್ದೇನೆ. — ಆ. ಹೋ., 30 ಸೆಪ್ಟೆಂಬರ್)

ಟ್ರೋನ್‌ಹೈಮ್
2 ಆಗಸ್ಟ್ 1970

ಐಲರ್ಟ್,

ನಿಮ್ಮ ಬಾಯಿ ಮುಚ್ಚಿಸಬೇಕೆಂದು ಜೂನ್ ಮೊದಲ ವಾರ ಬೀರು ತೆಗೆದೆ. 1937ರ ಟಿಪ್ಪಣಿ ಪುಸ್ತಕಗಳು ನಾಲ್ಕು. ಒಂದೊಂದು ಹಾಳೆಯಲ್ಲೂ ಮಂಜಿನ ನೀರಿನ ಕಲೆ, ಒದ್ದೆ ಕೈಗವಸಿನ ಗುರುತು, ಮೊಂಡು ಸೀಸದಕಡ್ಡಿಯ ಬರಹ. ಮೂರನೆಯ ಪುಸ್ತಕದಲ್ಲಿ ಆ ಭುಜದ ಒಂಬತ್ತು ಅಂಕಿಗಳು ಸಿಕ್ಕವು. ಅವು ಮಾತ್ರ ಮಸಿಯಲ್ಲಿವೆ. ನೀಲಿ ಮಸಿ. ಹಾಳೆ ಶುಭ್ರವಾಗಿದೆ.

ಆ ಮಸಿ ನನ್ನದು. ಆ ವರ್ಷ ಅಕ್ಟೋಬರಿನಲ್ಲಿ ನಕ್ಷೆಯ ಕೆಲಸಕ್ಕೆಂದೇ ನಾನು ಕೊಂಡ ಬಾಟಲಿ. ಅದು ಈ ಮನೆಯಲ್ಲಿ, ನನ್ನ ಮೇಜಿನ ಮೇಲೆ ಇತ್ತು. ಅದನ್ನು ಯಾರೂ ದ್ವೀಪಕ್ಕೆ ಕೊಂಡೊಯ್ದಿರಲಿಲ್ಲ.

ಅದರ ಹಿಂದಿನ ಹಾಳೆಯಲ್ಲಿ ಸೀಸದಕಡ್ಡಿಯ ನಾಲ್ಕು ಸಾಲುಗಳಿವೆ. “ಬಿರುಕು ದಾಟಲಾಗಲಿಲ್ಲ. ಆಚೆ ಆವಿ ಕಾಣುತ್ತದೆ. ಕೈಕಾಲು ನಡುಗುತ್ತಿವೆ. ವಾಪಸ್.” ‘ಆವಿ’ ಎಂಬುದರ ಮೇಲೆ ಮಸಿಯಿಂದ ‘ಮೋಡ’ ಎಂದು ತಿದ್ದಿದ್ದಾರೆ.

ನಾನು ನೆಲದ ಮೇಲೆ ಕುಳಿತುಬಿಟ್ಟೆ. ಎದ್ದಾಗ ಒಲೆಯ ಮೇಲಿನ ಆಲೂಗಡ್ಡೆ ಸುಟ್ಟು ಕರಕಲಾಗಿತ್ತು. ಮೂವತ್ತೆರಡು ವರ್ಷ ನಾನು ಒಬ್ಬರ ಜತೆ ಉಂಡೆ, ಮಲಗಿದೆ, ಅವರ ಅಂಗಿಯ ಸವೆದ ಕಾಲರ್ ತಿರುಗಿಸಿ ಹೊಲಿದೆ. ಆ ವರ್ಷ ಡಿಸೆಂಬರಿನಲ್ಲಿ ಪ್ರೊಫೆಸರ್ ಹುದ್ದೆಗೆ ಆಯ್ಕೆ ನಡೆಯುವುದಿತ್ತು. ಅರ್ಧ ನಕ್ಷೆ ಹಿಡಿದುಕೊಂಡು ಹೋದರೆ ಯಾರು ಕೊಡುತ್ತಾರೆ?

ಇನ್ನೊಂದು ಹೇಳಬೇಕು. ಗೆರೆ ಎಳೆಯುವಾಗ ನಾನೇ ಕೇಳಿದ್ದೆ: “ತೂರ್ವಾಲ್, ಇಲ್ಲಿ ಹಿಮಾನೋ ಬಂಡೆನೋ?” ಅವರು ಪೇಪರ್ ಓದುತ್ತಿದ್ದರು, ತಲೆ ಎತ್ತಲಿಲ್ಲ. “ಬಂಡೆ ಅಂತ ಹಾಕು” ಎಂದರು. ಹಾಕಿದೆ. ಅವರು ತಲೆ ಎತ್ತದೇ ಇದ್ದದ್ದನ್ನು ನಾನು ಅವತ್ತೇ ಗಮನಿಸಿದ್ದೆ, ಐಲರ್ಟ್.

*

(ಅಂಚೆ ಕಾರ್ಡು)

ಟ್ರೋನ್‌ಹೈಮ್
20 ಆಗಸ್ಟ್ 1970

ಐಲರ್ಟ್ ಅವರಿಗೆ,

ಆರೋಗ್ಯ ಚೆನ್ನಾಗಿದೆ. ಬೇಸಿಗೆಯಲ್ಲಿ ತೋಟದ ಕೆಲಸ ಹೆಚ್ಚಿತ್ತು, ಹಾಗಾಗಿ ಬರೆಯಲಾಗಲಿಲ್ಲ. ಟಿಪ್ಪಣಿ ಪುಸ್ತಕಗಳನ್ನು ನೋಡಿದೆ. ಅಂಕಿಗಳೆಲ್ಲ ಸರಿಯಾಗಿವೆ. ಥರ್ಮಾಮೀಟರ್ ಬದಲಾಯಿಸಿಕೊಳ್ಳಿ.

ಆಸ್ಲೌಗ್ ಹೋವ್ಡೆನೆಸ್

*

ಯಾನ್ ಮಾಯೆನ್
8 ಸೆಪ್ಟೆಂಬರ್ 1970

ಪ್ರೀತಿಯ ಅಮ್ಮನವರಿಗೆ,

ನಿಮ್ಮ ಕಾರ್ಡು ನೋಡಿ ಎದೆಯ ಮೇಲಿನ ಭಾರ ಇಳಿಯಿತು. ಎಷ್ಟು ಭಾರ ಎಂದು ನಿಮಗೆ ಗೊತ್ತಾಗಲಿಕ್ಕಿಲ್ಲ. ನಕ್ಷೆ ಸರಿ ಇದೆ ಎಂದರೆ ನಾವು ದಾರಿಯನ್ನೇ ತಪ್ಪಿಸಿಕೊಂಡು ಬೇರೆಲ್ಲೋ ಹೋಗಿದ್ದೆವು. ದಾರಿ ತಪ್ಪುವುದು ಯಾರ ಅಪರಾಧವೂ ಅಲ್ಲ, ಅಲ್ಲವೇ?

ಒಂದು ಸಿಹಿಸುದ್ದಿ. ಆ ಕಡೆ ದಡದಲ್ಲಿ ಬಿರುಗಾಳಿಗೆ ಸಿಕ್ಕಿದವರಿಗೆ ನೆಲೆಯಾಗಲೆಂದು ಒಂದು ಮರದ ಗುಡಿಸಲು ಕಟ್ಟಬೇಕೆಂದು ಬಹಳ ದಿನದ ಮಾತು. ನಾನು ಕೊಟ್ಟ ಅಂಕಿಗಳಿಂದಾಗಿ ಮುಖ್ಯಸ್ಥ ರಿಂಗ್‌ಸ್ತಾದ್ ತಡೆಹಿಡಿದಿದ್ದರು. ನಿಮ್ಮ ಕಾರ್ಡು ತೋರಿಸಿದೆ. ಅವರು ಅದನ್ನು ನಕ್ಷೆಯ ಪಕ್ಕದಲ್ಲೇ ಗೋಡೆಗೆ ಚುಚ್ಚಿ, “ಸರಿ, ಇನ್ನೇನು ಯೋಚ್ನೆ, ಕಟ್ಟಿ” ಎಂದರು. ಸೆಪ್ಟೆಂಬರ್ 19ರ ಬೆಳಿಗ್ಗೆ ಹಲಗೆ ಹೇರಿಕೊಂಡು ದೋಣಿಯಲ್ಲಿ ಐದು ಜನ ಹೊರಡುತ್ತೇವೆ. ಹೋವ್ಡೆನೆಸ್ ಭುಜದ ಬುಡದಲ್ಲೇ ಹತ್ತು ದಿನ ಡೇರೆ. ಪೆಡರ್ ಆಗಲೇ ಒಣಮೀನು ಕಟ್ಟಿಟ್ಟಿದ್ದಾನೆ.

ಗುಡಿಸಲಿಗೆ ಪ್ರೊಫೆಸರರ ಹೆಸರೇ ಇಡೋಣವೆಂದಿದ್ದೇವೆ. ನಿಮ್ಮ ಒಪ್ಪಿಗೆ ಇದೆಯಷ್ಟೆ?

ನಿಮ್ಮ ಐಲರ್ಟ್

*

(ತಂತಿ)

ಟ್ರೋನ್‌ಹೈಮ್, 18 ಸೆಪ್ಟೆಂಬರ್ 1970

ಹೋಗಬೇಡಿ. ಈಶಾನ್ಯದ ಅಂಕಿಗಳು ಸುಳ್ಳು. ಪ್ರೊಫೆಸರ್ ಅಲ್ಲಿಗೆ ಹೋಗಿರಲಿಲ್ಲ. ನನಗೆ ಗೊತ್ತಿತ್ತು. ಆಸ್ಲೌಗ್.

*

ಬೋಡೋ
23 ಸೆಪ್ಟೆಂಬರ್ 1970

ಶ್ರೀಮತಿ ಹೋವ್ಡೆನೆಸ್,

ರೇಡಿಯೋದಲ್ಲಿ ಕೇಳಿರುತ್ತೀರಿ. ಎಲ್ಲರೂ ಬದುಕಿದ್ದೇವೆ.

ನಿಮ್ಮ ತಂತಿ ಬಂದದ್ದು ಊಟದ ಹೊತ್ತಿಗೆ. ರೇಡಿಯೋದವನು ಅದನ್ನು ಎಲ್ಲರ ಮುಂದೆ ಓದಿದ. ಆಮೇಲೆ ಯಾರೋ “ಮುದುಕಿಗೆ ತಲೆ ಕೆಟ್ಟಿದೆ” ಎಂದರು. ಅಷ್ಟರಲ್ಲಿ ಲೋಟಗಳು ತಾವಾಗಿ ಸದ್ದು ಮಾಡಿದವು. ನೆಲ ಅದುರಿತು. ಬೆಳಿಗ್ಗೆಯಿಂದ ಎರಡು ಸಲ ಅದುರಿದ್ದನ್ನು ಜನರೇಟರ್ ಎಂದುಕೊಂಡಿದ್ದೆವು. ಆದರೂ ಇಬ್ಬರು, “ಹಲಗೆ ಹೇರಿ ಆಗಿದೆ, ಹೋಗೇಬಿಡೋಣ” ಎಂದು ಹಟ ಹಿಡಿದರು. ಪೆಡರ್ ಕಟ್ಟಿದ ಬುತ್ತಿಯನ್ನೆಲ್ಲ ಬಿಚ್ಚಿ ಕಪಾಟಿಗೆ ಹಾಕಿ ಬೀಗ ಜಡಿದ. “ಹೋಗೋರು ಹೋಗಿ, ಉಪವಾಸ ಹೋಗಿ” ಎಂದ. ರಿಂಗ್‌ಸ್ತಾದ್ ಪ್ರಯಾಣ ನಿಲ್ಲಿಸಿದರು.

ಇಪ್ಪತ್ತನೇ ತಾರೀಕು ಬೆಟ್ಟ ಬಾಯಿಬಿಟ್ಟಿತು. ನೆತ್ತಿಯ ಬಾಯಲ್ಲ, ಅದು ಹಾಗೇ ಹಿಮ ತುಂಬಿಕೊಂಡು ತಣ್ಣಗಿತ್ತು. ಸೀಳಿದ್ದು ಮಗ್ಗುಲು. ದ್ವೀಪ ತೆರವು ಮಾಡಿ ನಮ್ಮನ್ನು ಬೋಡೋಗೆ ಹೊತ್ತ ವಿಮಾನ ಮೋಡದ ಮೇಲೆ ಬಂದಾಗ ಮೂವತ್ತೊಂಬತ್ತು ಗಂಡಸರೂ ಒಂದೇ ಬದಿಯ ಕಿಟಕಿಗಳಿಗೆ ಮುಗಿಬಿದ್ದೆವು. ಸಮುದ್ರದಿಂದ ಹಿಡಿದು ಇಳಿಜಾರಿನ ಎತ್ತರದವರೆಗೆ, ಬಟ್ಟೆ ಹರಿದ ಹಾಗೆ, ಒಂದೇ ಗೆರೆಯಲ್ಲಿ ನೆಲ ಹರಿದುಹೋಗಿತ್ತು. ಆ ಗೆರೆಯುದ್ದಕ್ಕೂ ಬೆಂಕಿ. ಹಿಮ ಕರಗಿದ ನೀರು ಕಪ್ಪಗೆ ಕೆಳಗೆ ನುಗ್ಗುತ್ತಿತ್ತು. ಸಮುದ್ರ ಕುದಿಯುತ್ತಿತ್ತು. ಹೊಗೆಯ ಕಂಬ ನಮ್ಮ ವಿಮಾನಕ್ಕಿಂತ ಎಷ್ಟೋ ಮೇಲೆ ಹೋಗಿತ್ತು. ನಮ್ಮ ಡೇರೆ ಇರಬೇಕಾಗಿದ್ದ ಜಾಗವನ್ನು ಹುಡುಕಿದೆ. ಜಾಗವೇ ಇರಲಿಲ್ಲ. ಪೆಡರ್ ಮಕ್ಕಳ ಹಾಗೆ ಬಿಕ್ಕುತ್ತಿದ್ದ.

ಇನ್ನು ನಾನು ಮುಚ್ಚಿಟ್ಟದ್ದು. ಹಾಲ್ವರ್‌ಗೆ ಹಲ್ಲುನೋವು ಇರಲಿಲ್ಲ. ಮಾರ್ಚ್‌ನಲ್ಲಿ ಆ ‘ಬಂಡೆ’ಯ ಮೇಲೆ ನಡೆಯುವಾಗ ಕಾಲಡಿಯ ಹಿಮದ ಪದರ ಮುರಿದು ಅವನು ಟೊಳ್ಳಿಗೆ ಬಿದ್ದ. ಕೆಳಗೆ ಬೆಚ್ಚನೆಯ ನೀರಿತ್ತು. ಕಾಲು ಕಲ್ಲಿನ ನಡುವೆ ಸಿಕ್ಕಿಕೊಂಡಿತು. ಎಳೆದು ತೆಗೆದೆ. ಆದರೆ ಒದ್ದೆ ಬೂಟು ಗಾಳಿಗೆ ಹೆಪ್ಪುಗಟ್ಟಿ ಒಳಗೆ ಕಾಲು ಸತ್ತುಹೋಯಿತು. ಸ್ಕೀಗಳನ್ನೇ ಜಾರುಬಂಡಿ ಮಾಡಿ ಎರಡು ದಿನ ಎಳೆದುಕೊಂಡು ಬಂದೆ. ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದರು. ಅವನಿಗೆ ಇಪ್ಪತ್ತಾರು ವರ್ಷ.

ನೀವು ವಿಧವೆ, ನೋಯುತ್ತೀರೆಂದು ಇದನ್ನು ಬರೆಯಲಿಲ್ಲ. ನೀವು ಲವಂಗ ಕಚ್ಚಿಕೊಳ್ಳಲು ಹೇಳಿದಿರಿ. ಆಗಲೂ ಸುಮ್ಮನಿದ್ದೆ. ಆದರೆ ನಿಮಗೆ ಗೊತ್ತಿತ್ತು! ಆ ಕಾರ್ಡು ಬರೆಯುವಾಗ ನಿಮಗೆ ಗೊತ್ತಿತ್ತು. ನನ್ನ ಕಾಳಜಿ ಕಂಡು ನಾಲ್ಕು ಸಾಲಿನ ಸುಳ್ಳು ಕಳಿಸಿದಿರಿ. ಐದು ಜನ ಅದನ್ನು ನಂಬಿ ಹೊರಟಿದ್ದೆವು.

ಐಲರ್ಟ್ ತಾಂಗ್‌ಸ್ತಾದ್

*

ಟ್ರೋನ್‌ಹೈಮ್
30 ಸೆಪ್ಟೆಂಬರ್ 1970

ಐಲರ್ಟ್,

ಇದರ ಜೊತೆ ಆಗಸ್ಟಿನ ಕಾಗದ ಇಟ್ಟಿದ್ದೇನೆ. ಅದನ್ನು ಬರೆದು ಹದಿನೆಂಟು ದಿನ ಚೀಲದಲ್ಲಿಟ್ಟುಕೊಂಡು ಓಡಾಡಿದೆ. ಅಂಚೆ ಪೆಟ್ಟಿಗೆಯ ಮುಂದೆ ನಿಂತು ಬಂದೆ. ಆಮೇಲೆ ಕಾರ್ಡು ಹಾಕಿದೆ. ಅವರ ಹೆಸರು ಉಳಿಯಲಿ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ, ಅವರ ಹೆಸರು ಹೋದರೆ ನನ್ನ ಬದುಕಿನಲ್ಲಿ ಉಳಿಯುವುದೇನು ಎಂಬ ಭಯ. ನಿಮ್ಮ ಗುಡಿಸಲಿನ ಸುದ್ದಿಯ ಪತ್ರ ಹದಿನೆಂಟಕ್ಕೆ ಕೈಸೇರಿತು. ಏಪ್ರನ್ ಕೂಡ ಬಿಚ್ಚದೆ ತಂತಿ ಕಚೇರಿಗೆ ಓಡಿದೆ. ಗುಮಾಸ್ತೆ ಹುಡುಗಿ, “‘ನನಗೆ ಗೊತ್ತಿತ್ತು’ ಅನ್ನೋದು ಬೇಕಾ ಅಮ್ಮಾ? ಅದಿಲ್ಲದೇನೂ ಅರ್ಥ ಆಗುತ್ತೆ” ಎಂದಳು. ಬೇಕು ಎಂದೆ.

ಕಾಲಿನ ವಿಷಯ ಓದಿದೆ. ಲವಂಗದ ಮಾತು ಬರೆದದ್ದು ಈ ಕೈಯೇ. ಆ ಬೆಟ್ಟದ ಈಶಾನ್ಯ ಮಗ್ಗುಲನ್ನು ಯಾರೂ ಅಳೆದಿರಲಿಲ್ಲವೆಂದು ವಿಶ್ವವಿದ್ಯಾಲಯಕ್ಕೆ ಬರೆದು, ಟಿಪ್ಪಣಿ ಪುಸ್ತಕವನ್ನೂ ಕಳಿಸಿದ್ದೇನೆ. ನನ್ನ ಮಗ ಫೋನಿನಲ್ಲಿ, “ಅಪ್ಪನ್ನ ಎರಡನೇ ಸಲ ಹೂತೆ ನೀನು” ಎಂದು ಇಟ್ಟುಬಿಟ್ಟ.

ಹಾಲ್ವರ್ ಮನೆಯ ವಿಳಾಸ ಕೊಡಿ. ಕ್ಷಮೆ ಬೇಡುವುದು ಅಂಚೆಯಲ್ಲಿ ಆಗುವ ಕೆಲಸವಲ್ಲ.

ಆಸ್ಲೌಗ್

*

ಹಾರ್ಸ್ತಾದ್
25 ಅಕ್ಟೋಬರ್ 1970

ಐಲರ್ಟ್‌ಗೆ,

ಬರಿಯ ವಿಳಾಸ ಬರೆದ ನಿನ್ನ ಚೀಟಿ ಸಿಕ್ಕಿತು. ಮಾತು ಬೇಡವೆಂದರೆ ಬೇಡ, ಆದರೆ ಇದನ್ನು ಓದು. ನಿನ್ನನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆ, ಬೇಸರವಾದರೆ ಹೇಳು.

ಹಡಗಿನಿಂದ ಇಳಿದು ನೇರ ಹಾಲ್ವರ್ ಮನೆಗೆ ಹೋದೆ. ಅವನ ತಾಯಿ ಬಾಗಿಲಲ್ಲೇ ನನ್ನ ಹೆಸರು ಕೇಳಿ ಕೈಲಿದ್ದ ಬಕೆಟ್ಟು ಕೆಳಗಿಟ್ಟಳು. ಒಳಗೆ ಹಾಲ್ವರ್ ದೋಣಿಯ ಇಂಜಿನ್ನೊಂದನ್ನು ಅಡುಗೆಮನೆ ಮೇಜಿನ ಮೇಲೆ ಬಿಚ್ಚಿಕೊಂಡು ಕುಳಿತಿದ್ದ. ನಾನು ನಿಂತೇ ಎಲ್ಲ ಹೇಳಿದೆ: ಮಸಿ, ಒಂಬತ್ತು ಅಂಕಿ, “ಬಂಡೆ ಅಂತ ಹಾಕು” ಎಂದದ್ದು, ಕಾರ್ಡು. ಅವನು ಸ್ಪಾನರ್ ಕೆಳಗಿಡಲಿಲ್ಲ.

“ಪ್ರೊಫೆಸರ್ ಯಾಕೆ ವಾಪಸ್ ಬಂದ್ರು?” ಎಂದು ಕೇಳಿದ.

“ಹೆದರಿದ್ರು. ಕೈಕಾಲು ನಡುಗ್ತಿದೆ ಅಂತ ಬರ್ದಿದಾರೆ.”

ಅವನು ಇಂಜಿನ್ನಿನ ಒಂದು ನಟ್ಟು ಬಿಚ್ಚಿ ಪಕ್ಕಕ್ಕಿಟ್ಟ. ಆಮೇಲೆ, “ನಂಗೂ ಹೆದರಿಕೆ ಆಗಿತ್ತು” ಎಂದ. “ಕಾಲ್ ಕೆಳಗೆ ಡೊಳ್ಳು ಬಡಿದ ಹಾಗೆ ಸದ್ದು ಬರ್ತಿತ್ತು. ವಾಪಸ್ ಹೋಗೋಣ ಅಂದೆ. ನಕ್ಷೆಯಲ್ಲಿ ಬಂಡೆ ಅಂತಿದೆಯಲ್ಲ, ಬಂಡೆ ಮೇಲೆ ನಡೆಯೋಕೂ ಹೆದರ್ತಾರಾ ಅನ್ನೋ ಮಾತು ಬಂತು. ನಾಚಿಕೆ ಆಯ್ತು. ಮುಂದೆ ಹೋದೆ.” ನನ್ನ ಮುಖ ನೋಡಿದ. “ಅವರೂ ಹೆದರಿದ್ರು ಅಂತ ಬರ್ದಿದ್ರೆ ಸಾಕಿತ್ತಮ್ಮಾ. ನಾನೂ ಹೆದರಬಹುದಿತ್ತು.”

ನಿಂತೇ ಇದ್ದ ನನಗೆ ಅವನ ತಾಯಿಯೇ ಕುರ್ಚಿ ಎಳೆದಳು. ಕ್ಷಮಿಸಿದೆ ಎಂದು ಇಬ್ಬರೂ ಹೇಳಲಿಲ್ಲ, ನಾನೂ ಎರಡನೇ ಸಲ ಕೇಳಲಿಲ್ಲ.

ಆ ಮಾತು ಆಡಿದವರು ಯಾರೆಂದು ಅವನು ಹೇಳಲಿಲ್ಲ. ಬೆಟ್ಟದ ಮೇಲೆ ಇದ್ದದ್ದು ಇಬ್ಬರೇ. ಅವನು ಹೇಳದೆ ಬಿಟ್ಟದ್ದರಿಂದಲೇ ನನಗೆ ತಿಳಿಯಿತು. ಬೇಸಿಗೆಯಿಡೀ ನಕ್ಷೆ ಸರಿ ಇರಲೆಂದು ನೀನು ಯಾಕೆ ಅಷ್ಟು ಹಂಬಲಿಸಿದೆ ಎಂಬುದೂ ತಿಳಿಯಿತು.

ಆಸ್ಲೌಗ್

*

ಹಾರ್ಸ್ತಾದ್
7 ನವೆಂಬರ್ 1970

ಆಸ್ಲೌಗ್ ಅಮ್ಮನಿಗೆ,

ಹೌದು, ಆ ಮಾತು ಆಡಿದವನು ನಾನೇ. ನಗುತ್ತಾ ಆಡಿದೆ. ಆಸ್ಪತ್ರೆಗೆ ಒಂದು ಸಲವೂ ಹೋಗಲಿಲ್ಲ. ಕೆಲಸದ ನೆಪ ಹೇಳಿದೆ, ವಿಮಾನವಿಲ್ಲವೆಂದೆ. ನಿಮ್ಮ ಮೇಲೆ ಅಷ್ಟೆಲ್ಲ ಸಿಟ್ಟು ಬರೆದಾಗಲೂ ಇದನ್ನು ಬರೆಯಲಿಲ್ಲ.

ಇವತ್ತು ಬೆಳಿಗ್ಗೆ ಹಾಲ್ವರ್ ಮನೆಯ ಬಾಗಿಲು ತಟ್ಟಿದೆ. ಅವನೇ ತೆರೆದ. ಊರುಗೋಲಿನ ಮೇಲೆ ನಿಂತು ನನ್ನನ್ನು ಮೇಲಿಂದ ಕೆಳಗೆ ನೋಡಿದ.

“ಏಳು ತಿಂಗಳು ಬೇಕಾಯ್ತೇನೋ ನಿಂಗೆ?” ಎಂದ.

ಹಡಗಿನಲ್ಲಿ ಕಟ್ಟಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು. “ಹೆದರ್ತಾರಾ ಅಂದಿದ್ದು ನಾನೇ ಕಣೋ” ಎಂದೆ, ಅಷ್ಟೇ.

“ಗೊತ್ತು, ನಾನೂ ಅಲ್ಲೇ ಇದ್ನಲ್ಲ” ಎಂದ.

ಒಳಗೆ ಕರೆಯಲಿಲ್ಲ. ಬಾಗಿಲು ಮುಚ್ಚಲೂ ಇಲ್ಲ. ನಾನು ಮೆಟ್ಟಿಲ ಮೇಲೆ ಕುಳಿತೆ. ಸ್ವಲ್ಪ ಹೊತ್ತಿನ ಮೇಲೆ ಅವನು ಊರುಗೋಲನ್ನು ಗೋಡೆಗೆ ಒರಗಿಸಿ, ಚೌಕಟ್ಟು ಹಿಡಿದುಕೊಂಡು ನಿಧಾನವಾಗಿ ಕೆಳಗಿಳಿಯತೊಡಗಿದ. ಹಿಡಿಯಲು ಕೈ ಚಾಚಿದೆ. “ಮುಟ್ಟಬೇಡ” ಎಂದ. ತಾನೇ ಕುಳಿತ, ನನ್ನ ಪಕ್ಕದಲ್ಲಿ.

ಐಲರ್ಟ್